ಆನ್‌ಲೈನ್ ಖರೀದಿಯ ತೆರಿಗೆ: ಕೊಡಬೇಕಾದವರು ಯಾರು, ಹೊರುತ್ತಿರುವವರು ಯಾರು

ಕಳೆದ ತಿಂಗಳು ಆನ್‌ಲೈನ್‌ನಲ್ಲಿ ಏನಾದರೂ ತರಿಸಿಕೊಂಡಿದ್ದರೆ ಅದರ ಬಿಲ್ ಒಮ್ಮೆ ತೆರೆದು ನೋಡಿ. ಸಾಮಾನಿನ ಬೆಲೆ ಇರುತ್ತದೆ, ಶಿಪ್ಪಿಂಗ್ ಇರುತ್ತದೆ, ಅದರ ಕೆಳಗೆ ಟ್ಯಾಕ್ಸ್ ಅಂತ ಒಂದು ಸಾಲು ಇರುತ್ತದೆ. 2005, 2006ರ ಹೊತ್ತಿಗೆ ಅಮೆರಿಕಕ್ಕೆ ಬಂದವರಿಗೆ ನೆನಪಿರಬಹುದು, ಆಗ ಆ ಸಾಲಿನಲ್ಲಿ ಬಹಳ ಸಲ ಸೊನ್ನೆ ಇರುತ್ತಿತ್ತು. ಅಂಗಡಿಗೆ ಹೋಗಿ ಟಿವಿ ನೋಡಿ, ಮಾಡೆಲ್ ನಂಬರ್ ಬರೆದುಕೊಂಡು, ಮನೆಗೆ ಬಂದು ಬೇರೆ ರಾಜ್ಯದ ವೆಬ್‌ಸೈಟಿನಲ್ಲಿ ಆರ್ಡರ್ ಮಾಡುವವರು ಇಲ್ಲಿನ ನಮ್ಮ ಕನ್ನಡ ಜನರಲ್ಲೂ ಬೇಕಾದಷ್ಟಿದ್ದರು. ಸಾವಿರ ಡಾಲರಿನ ಟಿವಿಗೆ ಎಂಬತ್ತು ತೊಂಬತ್ತು ಡಾಲರ್ ಉಳಿಯುತ್ತಿತ್ತು. ಅದು ಸಣ್ಣ ದುಡ್ಡಲ್ಲ.

ಆಗ ಎಲ್ಲರೂ ಅಂದುಕೊಂಡಿದ್ದು, ಇಂಟರ್‌ನೆಟ್‌ನಲ್ಲಿ ಕೊಂಡರೆ ತೆರಿಗೆ ಇಲ್ಲ ಅಂತ. ಈಗ ಎಲ್ಲರೂ ಹೇಳುವುದು, 2018ರಲ್ಲಿ ಸುಪ್ರೀಂ ಕೋರ್ಟ್ ಹೊಸ ತೆರಿಗೆ ಹಾಕಿತು ಅಂತ. ಎರಡೂ ಸರಿಯಲ್ಲ. ತೆರಿಗೆ ಮೊದಲೂ ಇತ್ತು, ಅದನ್ನು ಕೊಡಬೇಕಾದವರು ಆಗಲೂ ನಾವೇ, ಅಂದರೆ ಕೊಂಡವರೇ. ಬದಲಾದದ್ದು ಒಂದೇ: ಅದನ್ನು ವಸೂಲಿ ಮಾಡಿ ಸರ್ಕಾರಕ್ಕೆ ತಲುಪಿಸುವ ಕೆಲಸ ಯಾರದ್ದು ಅನ್ನುವುದು. ಆ ಕೆಲಸ ಮಾರುವವರ ಹೆಗಲಿಗೆ ಬಂತು. ದೊಡ್ಡ ಕಂಪನಿಗಳು ಅದನ್ನು ಹೊತ್ತುಕೊಂಡು ಮುಂದೆ ಹೋದವು. ಮನೆಯಿಂದ ಸೀರೆ, ಒಡವೆ, ಚಟ್ನಿಪುಡಿ ಮಾರುವವರಿಗೆ ಅಷ್ಟು ಸುಲಭವಾಗಲಿಲ್ಲ. ನಿಮ್ಮಲ್ಲೇ ಅಂಥವರು ಎಷ್ಟೋ ಜನ ಇದ್ದೀರಿ, ಅದಕ್ಕೇ ಈ ವಿಷಯವನ್ನು ಇವತ್ತು ಎತ್ತಿಕೊಂಡಿದ್ದೇನೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅಂತ ಒಂದು ಮಾರಾಟ ತೆರಿಗೆ ಇಲ್ಲ, ಯಾವತ್ತೂ ಇರಲಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ರಾಜ್ಯಗಳ ಖಜಾನೆ ಬರಿದಾಯಿತು. ಜಮೀನು, ಮನೆಯ ಮೇಲಿನ ತೆರಿಗೆ ಕಟ್ಟಲು ಜನರ ಹತ್ತಿರ ದುಡ್ಡಿಲ್ಲ. ಆಗ ಮಿಸಿಸಿಪ್ಪಿಯಂಥ ರಾಜ್ಯಗಳು ಅಂಗಡಿಯಲ್ಲಿ ಮಾರುವ ಸಾಮಾನಿನ ಮೇಲೆ ಎರಡು ಪರ್ಸೆಂಟ್ ಹಾಕಿದವು, ಉಳಿದವು ಅದನ್ನು ನೋಡಿ ಹಿಂದೆ ಬಂದವು. ಹಾಕಿದ ತಕ್ಷಣ ಒಂದು ತೊಂದರೆ ಕಾಣಿಸಿತು. ಪಕ್ಕದ ರಾಜ್ಯದಲ್ಲಿ ತೆರಿಗೆ ಇಲ್ಲದಿದ್ದರೆ ಜನ ಅಲ್ಲಿಗೆ ಹೋಗಿ ತರುತ್ತಾರೆ, ಊರಿನ ಅಂಗಡಿಯವನು ಕೆಡುತ್ತಾನೆ. ಇದಕ್ಕೆ ರಾಜ್ಯಗಳು ಕಂಡುಕೊಂಡ ದಾರಿಯೇ ಯೂಸ್ ಟ್ಯಾಕ್ಸ್. ಸಾಮಾನು ಎಲ್ಲಿಂದಲೇ ತನ್ನಿ, ಇಲ್ಲಿ ಬಳಸುತ್ತೀರಿ ಅಂದಮೇಲೆ ಇಲ್ಲಿನ ದರದಲ್ಲಿ ತೆರಿಗೆ ಕೊಡಿ. ಅಲ್ಲಿ ಆಗಲೇ ಏನಾದರೂ ಕಟ್ಟಿದ್ದರೆ ಅದನ್ನು ಕಳೆದುಕೊಳ್ಳಿ.

ವಾಷಿಂಗ್ಟನ್ ರಾಜ್ಯ 1935ರಲ್ಲಿ ಹೀಗೆ ಮಾಡಿತು. ಆಗ ಅಲ್ಲಿ ಕೊಲಂಬಿಯಾ ನದಿಗೆ ಗ್ರ್ಯಾಂಡ್ ಕೂಲೀ ಅಣೆಕಟ್ಟು ಕಟ್ಟುತ್ತಿದ್ದರು. ಗುತ್ತಿಗೆದಾರರು ಹೊರರಾಜ್ಯದಿಂದ ಯಂತ್ರಗಳನ್ನು ತರಿಸಿದ್ದರು, ರಾಜ್ಯ ಅದರ ಮೇಲೆ ಯೂಸ್ ಟ್ಯಾಕ್ಸ್ ಕೇಳಿತು. ಅವರು ಕೋರ್ಟಿಗೆ ಹೋದರು. 1937ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಪರ ನಿಂತಿತು. ತೀರ್ಪು ಬರೆದವರು ನ್ಯಾಯಮೂರ್ತಿ ಕಾರ್ಡೋಜೋ. ಹೊರಗಿನಿಂದ ತಂದವನಿಗೂ ಒಳಗೆ ಕೊಂಡವನಿಗೂ ಕೊನೆಗೆ ಹೊರೆ ಒಂದೇ, ಹಾಗಾಗಿ ಇದರಲ್ಲಿ ಭೇದಭಾವ ಇಲ್ಲ ಅನ್ನುವುದು ಅವರ ತರ್ಕ. ನನಗೆ ಇದು ಇವತ್ತಿಗೂ ಸರಿ ಅನ್ನಿಸುತ್ತದೆ. ಮಾರಾಟ ತೆರಿಗೆ ಅನ್ನುವುದು ಇರುವುದೇ ಆದರೆ ಊರಿನ ಅಂಗಡಿಯವನಿಗೆ ಮಾತ್ರ ಅನ್ವಯಿಸಿ ದೂರದವನನ್ನು ಬಿಡುವುದು ನ್ಯಾಯವಲ್ಲ.

ಆದರೆ ಯೂಸ್ ಟ್ಯಾಕ್ಸ್ ಕಟ್ಟುವವರು ಯಾರು? ಕಾರು ಕೊಂಡರೆ ಕಟ್ಟಲೇಬೇಕು, ಇಲ್ಲದಿದ್ದರೆ ನೋಂದಣಿ ಆಗುವುದಿಲ್ಲ. ಮಿಕ್ಕ ಸಾಮಾನಿಗೆ ನೀವಾಗಿಯೇ ಲೆಕ್ಕ ಬರೆದಿಟ್ಟು, ವರ್ಷದ ಕೊನೆಗೆ ಕಟ್ಟಬೇಕು. ಮಾರಾಟ ತೆರಿಗೆಯೂ ಆದಾಯ ತೆರಿಗೆಯೂ ಎರಡೂ ಇರುವ ಎಷ್ಟೋ ರಾಜ್ಯಗಳ ಆದಾಯ ತೆರಿಗೆ ಫಾರಂನಲ್ಲಿ ಇದಕ್ಕೇ ಒಂದು ಸಾಲು ಇದೆ, ಕ್ಯಾಲಿಫೋರ್ನಿಯಾದ ಫಾರಂನಲ್ಲೂ ಇದೆ. ನಿಮ್ಮಲ್ಲಿ ಎಷ್ಟು ಜನ ಅಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಬರೆದಿದ್ದೀರಿ? ಕೈ ಎತ್ತಬೇಡಿ, ಬೇಡ. ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ನಲ್ಲಿ ಇರುವವರು ನದಿ ದಾಟಿದರೆ ಒರೆಗಾನ್‌ನ ಪೋರ್ಟ್‌ಲ್ಯಾಂಡ್, ಅಲ್ಲಿ ಮಾರಾಟ ತೆರಿಗೆಯೇ ಇಲ್ಲ. ಅಲ್ಲಿಂದ ತಂದ ಸೋಫಾಕ್ಕೂ ಕಾನೂನಿನ ಪ್ರಕಾರ ಯೂಸ್ ಟ್ಯಾಕ್ಸ್ ಬರುತ್ತದೆ. ಮನೆಮನೆಗೆ ಹೋಗಿ ಸೋಫಾ ಎಲ್ಲಿಂದ ತಂದಿರಿ ಅಂತ ಕೇಳಲು ಯಾವ ಸರ್ಕಾರಕ್ಕೂ ಆಗುವುದಿಲ್ಲ. ಹಾಗಾಗಿ ರಾಜ್ಯಗಳ ಕಣ್ಣು ಯಾವಾಗಲೂ ಮಾರುವವರ ಮೇಲೆ. ಕೊಳ್ಳುವವರು ಲಕ್ಷಗಟ್ಟಲೆ, ಮಾರುವವರು ಕೆಲವರು.

ಒರೆಗಾನ್ ಅಂದೆ. ಮಾರಾಟ ತೆರಿಗೆ ಇಲ್ಲದ ರಾಜ್ಯಗಳು ಐದು: ನ್ಯೂ ಹ್ಯಾಂಪ್‌ಶೈರ್, ಒರೆಗಾನ್, ಮೊಂಟಾನಾ, ಅಲಾಸ್ಕಾ, ಡೆಲವೇರ್. ಅಲಾಸ್ಕಾದಲ್ಲಿ ರಾಜ್ಯದ್ದು ಇಲ್ಲ, ಊರುಗಳದ್ದು ಇದೆ. ಉಳಿದ 45 ರಾಜ್ಯಗಳಲ್ಲೂ ರಾಜಧಾನಿ ವಾಷಿಂಗ್ಟನ್ ಡಿಸಿಯಲ್ಲೂ ಇದೆ.

ಈಗ ಮಾರುವವರ ವಿಷಯಕ್ಕೆ ಬರೋಣ. ಇಂಟರ್‌ನೆಟ್‌ಗೂ ಮುಂಚೆ ಕ್ಯಾಟಲಾಗ್ ಕಾಲ ಇತ್ತು. ನ್ಯಾಷನಲ್ ಬೆಲ್ಲಾಸ್ ಹೆಸ್ ಅಂತ ಮಿಸೌರಿಯ ಒಂದು ಕಂಪನಿ, ವರ್ಷಕ್ಕೆ ಎರಡು ಸಲ ದೇಶದ ಮನೆಮನೆಗೆ ಕ್ಯಾಟಲಾಗ್ ಕಳಿಸುತ್ತಿತ್ತು, ಆರ್ಡರ್ ಬಂದರೆ ಅಂಚೆಯಲ್ಲಿ ಬಟ್ಟೆಬರೆ ಕಳಿಸುತ್ತಿತ್ತು. ಇಲಿನಾಯ್ ರಾಜ್ಯ ಅದಕ್ಕೆ ಹೇಳಿತು, ನಮ್ಮ ಜನರಿಗೆ ಮಾರುತ್ತೀರಿ, ತೆರಿಗೆ ನೀವೇ ವಸೂಲಿ ಮಾಡಿಕೊಡಿ. 1967ರಲ್ಲಿ ಸುಪ್ರೀಂ ಕೋರ್ಟ್ ಆಗುವುದಿಲ್ಲ ಅಂದಿತು. ಆ ರಾಜ್ಯದಲ್ಲಿ ನಿಮ್ಮ ಅಂಗಡಿ, ಗೋದಾಮು, ಮಾರಾಟದ ಹುಡುಗರು ಯಾರೂ ಇಲ್ಲದಿದ್ದರೆ ವಸೂಲಿ ಮಾಡುವ ಹೊಣೆ ನಿಮ್ಮದಲ್ಲ.

ಇದೇ ಪ್ರಶ್ನೆ 1992ರಲ್ಲಿ ಮತ್ತೆ ಬಂತು. ಕ್ವಿಲ್ ಅನ್ನುವ ಕಂಪನಿ ಆಫೀಸಿಗೆ ಬೇಕಾದ ಕಾಗದ, ಪೆನ್ನು, ಫೈಲು ಎಲ್ಲ ಮಾರುತ್ತಿತ್ತು. ನಾರ್ತ್ ಡಕೋಟಾದಲ್ಲಿ ಅದಕ್ಕೆ ಸುಮಾರು 3,000 ಗಿರಾಕಿಗಳು, ವರ್ಷಕ್ಕೆ ಹತ್ತಿರ ಹತ್ತಿರ ಹತ್ತು ಲಕ್ಷ ಡಾಲರ್ ವ್ಯಾಪಾರ. ಆ ರಾಜ್ಯದಲ್ಲಿ ಆ ಬಗೆಯ ಸಾಮಾನು ಮಾರುವವರಲ್ಲಿ ಆರನೇ ಸ್ಥಾನ. ಆದರೂ ಅಲ್ಲಿ ಅದರ ಆಫೀಸಿಲ್ಲ, ಆಳಿಲ್ಲ. ಇದ್ದದ್ದು ಗಿರಾಕಿಗಳಿಗೆ ಕೊಟ್ಟಿದ್ದ ಕೆಲವು ಫ್ಲಾಪಿ ಡಿಸ್ಕ್‌ಗಳು ಮಾತ್ರ, ಆರ್ಡರ್ ಕಳಿಸುವ ಸಾಫ್ಟ್‌ವೇರ್ ಇದ್ದದ್ದು. ಆ ಫ್ಲಾಪಿಗಳ ಒಡೆತನ ಸಾಕೇ ಅನ್ನುವುದನ್ನೂ ಕೋರ್ಟು ಪರಿಶೀಲಿಸಿ, ಸಾಲದು ಅಂದಿತು. ಹಳೆಯ ನಿಯಮವೇ ಉಳಿಯಿತು. ಆದರೆ ತೀರ್ಪಿನಲ್ಲಿ ಒಂದು ಮಾತು ಸೇರಿಸಿದರು: ರಾಜ್ಯರಾಜ್ಯಗಳ ನಡುವಿನ ವ್ಯಾಪಾರದ ನಿಯಮ ಮಾಡುವ ಅಧಿಕಾರ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಇದೆ, ಬೇಕಾದರೆ ಅವರು ಬದಲಿಸಲಿ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಎರಡೇ ವರ್ಷಕ್ಕೆ, 1994ರಲ್ಲಿ, ಅಮೆಜಾನ್ ಹುಟ್ಟಿತು. ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಲ್ಲ, ಜನ ಕಡಿಮೆ ಇರುವ ವಾಷಿಂಗ್ಟನ್ ರಾಜ್ಯದಲ್ಲಿ. ತೆರಿಗೆಯ ಈ ಲೆಕ್ಕಾಚಾರವೂ ಆ ಆಯ್ಕೆಗೆ ಒಂದು ಕಾರಣ ಅಂತ ಜೆಫ್ ಬೆಜೋಸ್ ಆಮೇಲೆ ತಾವೇ ಹೇಳಿದ್ದಾರೆ. ಕಂಪನಿ ಯಾವ ರಾಜ್ಯದಲ್ಲಿ ನೆಲೆ ಊರುತ್ತದೋ ಅಲ್ಲಿನ ಗಿರಾಕಿಗಳಿಗೆ ಮಾತ್ರ ತೆರಿಗೆ ಹಾಕಬೇಕು. ಮಿಕ್ಕವರಿಗೆಲ್ಲ ಸೊನ್ನೆ.

ಮುಂದಿನ ಇಪ್ಪತ್ತು ವರ್ಷ ರಾಜ್ಯಗಳು ಬೇರೆ ಬೇರೆ ದಾರಿ ಹುಡುಕಿದವು. 2008ರಲ್ಲಿ ನ್ಯೂಯಾರ್ಕ್ ಹೊಸ ಕಾನೂನು ಮಾಡಿತು: ನಮ್ಮ ರಾಜ್ಯದ ಯಾರಾದರೂ ತಮ್ಮ ವೆಬ್‌ಸೈಟಿನಲ್ಲಿ ನಿಮ್ಮ ಲಿಂಕ್ ಹಾಕಿ ಕಮಿಷನ್ ಪಡೆಯುತ್ತಿದ್ದರೆ, ಅವರು ನಿಮ್ಮ ಏಜೆಂಟರಿದ್ದಂತೆ, ನೀವು ಇಲ್ಲಿ ಇದ್ದಂತೆಯೇ ಲೆಕ್ಕ. ಓವರ್‌ಸ್ಟಾಕ್ ಕಂಪನಿ ತಕ್ಷಣ ನ್ಯೂಯಾರ್ಕಿನ ಅಂಥವರ ಜೊತೆ ವ್ಯವಹಾರವನ್ನೇ ನಿಲ್ಲಿಸಿತು. ಟೆಕ್ಸಸ್ 2010ರಲ್ಲಿ ಅಮೆಜಾನ್‌ಗೆ 26.9 ಕೋಟಿ ಡಾಲರಿನ ಬಾಕಿ ಬಿಲ್ ಕಳಿಸಿತು, ಡಾಲಸ್ ಹತ್ತಿರದ ಅರ್ವಿಂಗ್‌ನಲ್ಲಿ ಅದರ ಗೋದಾಮು ಇತ್ತಲ್ಲ, ಅದಕ್ಕೆ. ಕಂಪನಿ ಗೋದಾಮು ಮುಚ್ಚುತ್ತೇವೆ ಅಂದಿತು. 2012ರಲ್ಲಿ ರಾಜಿಯಾಗಿ ಅಲ್ಲಿ ತೆರಿಗೆ ಹಾಕುವುದು ಶುರುವಾಯಿತು. ಆ ಹೊತ್ತಿಗೆ ಅಮೆಜಾನ್‌ನ ಲೆಕ್ಕವೂ ಬದಲಾಗಿತ್ತು. ಎರಡು ದಿನದಲ್ಲಿ ಪಾರ್ಸೆಲ್ ಮುಟ್ಟಿಸಬೇಕು ಅಂದರೆ ಗಿರಾಕಿಯ ಹತ್ತಿರವೇ ಗೋದಾಮು ಬೇಕು, ಗೋದಾಮು ಬಂದರೆ ತೆರಿಗೆಯೂ ಬರುತ್ತದೆ. 2017ರ ಏಪ್ರಿಲ್ ಹೊತ್ತಿಗೆ ಮಾರಾಟ ತೆರಿಗೆ ಇರುವ ಎಲ್ಲ 45 ರಾಜ್ಯಗಳಲ್ಲೂ ಅಮೆಜಾನ್ ತನ್ನ ಸ್ವಂತ ಸರಕಿಗೆ ತೆರಿಗೆ ವಸೂಲಿ ಮಾಡುತ್ತಿತ್ತು. ಅಂದರೆ ಸುಪ್ರೀಂ ಕೋರ್ಟ್ ತೀರ್ಪಿಗಿಂತ ಒಂದು ವರ್ಷ ಮೊದಲೇ. ಹಾಗಾಗಿ ಆ ತೀರ್ಪು ಅಮೆಜಾನ್‌ಗೆ ಬಿದ್ದ ಹೊಡೆತ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕಾಂಗ್ರೆಸ್ ಏನು ಮಾಡಿತು? 2013ರ ಮೇ ತಿಂಗಳಲ್ಲಿ ಸೆನೆಟ್ 69–27 ಮತಗಳಿಂದ ಒಂದು ಮಸೂದೆ ಪಾಸು ಮಾಡಿತು. ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಕಡಿಮೆ ದೂರದ ಮಾರಾಟ ಇರುವವರನ್ನು ಬಿಟ್ಟು, ರಾಜ್ಯಗಳು ತಮ್ಮ ನಿಯಮ ಸರಳ ಮಾಡಿಕೊಂಡರೆ ಮಾತ್ರ ಹೊರಗಿನ ಮಾರಾಟಗಾರರಿಂದ ವಸೂಲಿ ಕೇಳಬಹುದು ಅನ್ನುವುದು ಅದರ ತಿರುಳು. ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ. ಅವತ್ತು ಅದು ಪಾಸಾಗಿದ್ದರೆ ಇವತ್ತು ನಾನು ಇಲ್ಲಿ ನಿಂತು ಮಾತಾಡುವ ಅಗತ್ಯವೇ ಇರುತ್ತಿರಲಿಲ್ಲ ಅಂತ ನನಗೆ ನಿಜವಾಗಿ ಅನ್ನಿಸುತ್ತದೆ.

ಕಾದು ಕಾದು ಸಾಕಾಗಿ ಸೌತ್ ಡಕೋಟಾ ಹೆಜ್ಜೆ ಇಟ್ಟಿತು. ಒಂಬತ್ತು ಲಕ್ಷದ ಆಸುಪಾಸು ಜನ ಇರುವ ರಾಜ್ಯ. ಅಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ, ಸಾಮಾನ್ಯ ನಿಧಿಯ 60 ಪರ್ಸೆಂಟ್‌ಗಿಂತ ಜಾಸ್ತಿ ಬರುವುದು ಮಾರಾಟ ಮತ್ತು ಯೂಸ್ ಟ್ಯಾಕ್ಸ್‌ನಿಂದ. ವ್ಯಾಪಾರ ಆನ್‌ಲೈನ್‌ಗೆ ಹೋದಂತೆಲ್ಲ ಶಾಲೆ, ರಸ್ತೆ, ಪೊಲೀಸರ ದುಡ್ಡು ಕರಗುತ್ತಿತ್ತು. ವರ್ಷಕ್ಕೆ 4.8ರಿಂದ 5.8 ಕೋಟಿ ಡಾಲರ್ ನಷ್ಟ ಅಂತ ಆ ರಾಜ್ಯದ ಅಂದಾಜು. 2016ರಲ್ಲಿ ಅವರು ಮಾಡಿದ ಕಾನೂನು ಹೀಗಿತ್ತು: ಅಂಗಡಿ ಇರಲಿ ಬಿಡಲಿ, ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಹೆಚ್ಚು ಸಾಮಾನು ನಮ್ಮ ರಾಜ್ಯಕ್ಕೆ ಕಳಿಸಿದರೆ, ಅಥವಾ 200 ಅಥವಾ ಅದಕ್ಕಿಂತ ಜಾಸ್ತಿ ಬೇರೆ ಬೇರೆ ಮಾರಾಟ ಆಗಿದ್ದರೆ, ತೆರಿಗೆ ನೀವು ವಸೂಲಿ ಮಾಡಬೇಕು. ಇದು 1992ರ ತೀರ್ಪಿಗೆ ನೇರ ವಿರುದ್ಧ ಅಂತ ಅವರಿಗೂ ಗೊತ್ತಿತ್ತು. ಕೆಳಗಿನ ಕೋರ್ಟುಗಳಲ್ಲಿ ಸೋತು ಬೇಗ ಸುಪ್ರೀಂ ಕೋರ್ಟಿಗೆ ಹೋಗಲಿ ಅಂತಲೇ ಬರೆದ ಕಾನೂನು ಅದು. ಎದುರಿಗೆ ವೇಫೇರ್, ಓವರ್‌ಸ್ಟಾಕ್, ನ್ಯೂಎಗ್ ಅನ್ನುವ ಆನ್‌ಲೈನ್ ಮಾರಾಟದ ಕಂಪನಿಗಳು.

2018ರ ಜೂನ್ 21ರಂದು ತೀರ್ಪು ಬಂತು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬರೆದವರು ನ್ಯಾಯಮೂರ್ತಿ ಕೆನಡಿ. ಅಂಗಡಿ ಕಟ್ಟಡ ಇದ್ದರೆ ಮಾತ್ರ ಅನ್ನುವ ನಿಯಮವೇ ತಪ್ಪು, 1992ರಲ್ಲೂ ತಪ್ಪಾಗಿತ್ತು ಅಂದರು. 1992ರ ಬಹುಮತದಲ್ಲಿ ಅವರೂ ಇದ್ದರು, ನ್ಯಾಯಮೂರ್ತಿ ಥಾಮಸ್ ಕೂಡ ಇದ್ದರು. ಥಾಮಸ್ ಪ್ರತ್ಯೇಕವಾಗಿ ಬರೆದು, ಅವತ್ತು ನಾನು ಭಿನ್ನಮತದ ಜೊತೆ ನಿಲ್ಲಬೇಕಿತ್ತು ಅಂತ ಒಪ್ಪಿಕೊಂಡರು. ಇಪ್ಪತ್ತಾರು ವರ್ಷದ ಮೇಲೆ ಒಬ್ಬ ನ್ಯಾಯಮೂರ್ತಿ ಹಾಗೆ ಬರೆಯುವುದನ್ನು ನಾನು ಗೌರವದಿಂದ ನೋಡುತ್ತೇನೆ.

ತೀರ್ಪಿನಲ್ಲಿ ಜನ ಮರೆಯುವ ಒಂದು ಭಾಗ ಇದೆ. ಸೌತ್ ಡಕೋಟಾದ ಕಾನೂನು ಯಾಕೆ ನಿಲ್ಲಬಹುದು ಅನ್ನುವುದಕ್ಕೆ ಕೋರ್ಟು ಮೂರು ಕಾರಣ ಕೊಟ್ಟಿತು. ಸಣ್ಣ ಮಾರಾಟಗಾರರಿಗೆ ಮಿತಿಯ ರಕ್ಷಣೆ ಇದೆ. ಹಿಂದಿನ ವರ್ಷಗಳ ಬಾಕಿ ಕೇಳುವುದಿಲ್ಲ. ಮತ್ತು ಆ ರಾಜ್ಯ ಸುಮಾರು ಎರಡು ಡಜನ್ ರಾಜ್ಯಗಳ ಒಂದು ಒಪ್ಪಂದಕ್ಕೆ ಸೇರಿದೆ, ಅದರಲ್ಲಿ ಯಾವ ವಸ್ತು ಅಂದರೆ ಏನು ಅನ್ನುವ ವ್ಯಾಖ್ಯೆ ಎಲ್ಲ ರಾಜ್ಯಕ್ಕೂ ಒಂದೇ, ಒಂದೇ ನೋಂದಣಿ ಸಾಕು, ರಾಜ್ಯವೇ ಸಾಫ್ಟ್‌ವೇರ್ ಕೊಡುತ್ತದೆ, ಆ ಸಾಫ್ಟ್‌ವೇರ್ ತಪ್ಪು ಮಾಡಿದರೆ ಮಾರಾಟಗಾರನನ್ನು ದೂರುವುದಿಲ್ಲ. ಉಳಿದ ರಾಜ್ಯಗಳಲ್ಲಿ ಬಹಳಷ್ಟು ಒಂದು ಲಕ್ಷ, 200 ಅನ್ನುವ ಅಂಕಿಗಳನ್ನು ಎತ್ತಿಕೊಂಡವು. ಸರಳ ಮಾಡುವ ಭಾಗವನ್ನು ಎಷ್ಟೋ ರಾಜ್ಯಗಳು ಎತ್ತಿಕೊಳ್ಳಲಿಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಯಾರ್ಕ್, ಫ್ಲೋರಿಡಾ, ಇಲಿನಾಯ್, ಯಾವುದೂ ಆ ಒಪ್ಪಂದದಲ್ಲಿ ಇಲ್ಲ. ನಮ್ಮ ಜನ ಜಾಸ್ತಿ ಇರುವುದು ಇವುಗಳಲ್ಲೇ, ಅಲ್ವಾ.

ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಭಿನ್ನಮತ ಬರೆದರು. ಅವರೂ 1967ರ ತೀರ್ಪು ತಪ್ಪು ಅಂತಲೇ ಒಪ್ಪುತ್ತಾರೆ. ಆದರೆ ಇದನ್ನು ಬದಲಿಸಬೇಕಾದ್ದು ಕಾಂಗ್ರೆಸ್, ಕೋರ್ಟಲ್ಲ ಅನ್ನುತ್ತಾರೆ. ದೇಶದಲ್ಲಿ ಮಾರಾಟ ತೆರಿಗೆ ಹಾಕುವ ಆಡಳಿತಗಳು 10,000ಕ್ಕೂ ಹೆಚ್ಚು. ರಾಜ್ಯ, ಕೌಂಟಿ, ಊರು, ಕೆಲವು ಕಡೆ ವಿಶೇಷ ಜಿಲ್ಲೆ. ಅವರು ಕೊಟ್ಟ ಉದಾಹರಣೆಗಳು ಹೇಳುತ್ತೇನೆ: ಇಲಿನಾಯ್‌ನಲ್ಲಿ ಸ್ನಿಕರ್ಸ್ ಅಂದರೆ ಕ್ಯಾಂಡಿ, ಟ್ವಿಕ್ಸ್ ಅಂದರೆ ಆಹಾರ, ಎರಡಕ್ಕೂ ಬೇರೆ ಬೇರೆ ದರ. ನ್ಯೂಜೆರ್ಸಿಯಲ್ಲಿ ಸ್ವೆಟರ್ ಹೆಣೆಯಲು ಉಲ್ಲನ್ ಕೊಂಡರೆ ತೆರಿಗೆ ಇಲ್ಲ, ಅದೇ ಉಲ್ಲನ್ ಕಲಾಕೃತಿಗೆ ಕೊಂಡರೆ ಇದೆ. ಈ ಹೊರೆ ಸಣ್ಣ ವ್ಯಾಪಾರಿಗಳ ಮೇಲೆ ಹೆಚ್ಚು ಬೀಳುತ್ತದೆ ಅಂತ ಅವರು ಎಚ್ಚರಿಸಿದರು.

ನನ್ನ ಅಭಿಪ್ರಾಯ ಕೇಳಿದರೆ, ನ್ಯಾಯದ ಮಾತಿನಲ್ಲಿ ಕೆನಡಿ ಸರಿ, ಪರಿಣಾಮದ ಮಾತಿನಲ್ಲಿ ರಾಬರ್ಟ್ಸ್ ಸರಿ. ಯಾಕೆ ಅಂತ ನಮ್ಮದೇ ಉದಾಹರಣೆಯಿಂದ ನೋಡೋಣ.

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಬ್ಬ ಹೆಣ್ಣುಮಗಳು ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾರೆ ಅಂತ ಇಟ್ಟುಕೊಳ್ಳಿ. ಸ್ವಂತ ವೆಬ್‌ಸೈಟ್ ಇದೆ, ವ್ಯಾಪಾರ ಚೆನ್ನಾಗಿ ಬೆಳೆದಿದೆ, ಎಷ್ಟೋ ರಾಜ್ಯಗಳಲ್ಲಿ ಮಿತಿ ದಾಟಿದೆ. ಒಂದು ಸೀರೆಗೆ 150 ಡಾಲರ್. ನ್ಯೂಜೆರ್ಸಿಯ ಗಿರಾಕಿಗೆ ತೆರಿಗೆ ಇಲ್ಲ, ಅಲ್ಲಿ ಉಡುವ ಬಟ್ಟೆಗೆ ವಿನಾಯಿತಿ. ಪೆನ್ಸಿಲ್ವೇನಿಯಾದಲ್ಲೂ ಬಟ್ಟೆಗೆ ವಿನಾಯಿತಿ ಇದೆ, ಆದರೆ ಸಮಾರಂಭಕ್ಕೆ ಮಾತ್ರ ಹಾಕುವ ಔಪಚಾರಿಕ ಉಡುಪಿಗೆ ಇಲ್ಲ. ನ್ಯೂಯಾರ್ಕ್‌ನಲ್ಲಿ 110 ಡಾಲರಿಗಿಂತ ಕಡಿಮೆ ಬೆಲೆಯ ಬಟ್ಟೆಗೆ ರಾಜ್ಯದ ತೆರಿಗೆ ಇಲ್ಲ, ಈ ಸೀರೆ 150 ಆದ್ದರಿಂದ ಪೂರ್ತಿ ಮೊತ್ತಕ್ಕೆ ಬೀಳುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ ಮಿತಿ 175, ಹಾಗಾಗಿ ಇಲ್ಲ. ಅದೇ ಸೀರೆ 200 ಡಾಲರ್ ಆಗಿದ್ದರೆ ಅಲ್ಲಿ ಮಿತಿ ಮೀರಿದ 25 ಡಾಲರಿಗೆ ಮಾತ್ರ 6.25 ಪರ್ಸೆಂಟ್. ಕ್ಯಾಲಿಫೋರ್ನಿಯಾದಲ್ಲಿ ಬಟ್ಟೆಗೆ ವಿನಾಯಿತಿಯೇ ಇಲ್ಲ, 7.25ರಿಂದ ಶುರು, ಊರು ಜಿಲ್ಲೆಯ ಪಾಲು ಮೇಲೆ ಸೇರುತ್ತದೆ. ಶಿಪ್ಪಿಂಗ್ ಖರ್ಚಿಗೆ? ಟೆಕ್ಸಸ್, ನ್ಯೂಯಾರ್ಕ್‌ನಲ್ಲಿ ತೆರಿಗೆ ಬರುವ ಸಾಮಾನಿನ ಜೊತೆ ಶಿಪ್ಪಿಂಗ್‌ಗೂ ತೆರಿಗೆ. ಕ್ಯಾಲಿಫೋರ್ನಿಯಾದಲ್ಲಿ ನಿಜವಾಗಿ ತಗುಲಿದ ಅಂಚೆ ಖರ್ಚನ್ನು ಬೇರೆಯಾಗಿ ತೋರಿಸಿದರೆ ಅದಕ್ಕೆ ಇಲ್ಲ. ಒಂದೇ ಸೀರೆ, ಒಂದೇ ಬೆಲೆ, ಇಷ್ಟು ಬಗೆಯ ಉತ್ತರ.

ತಿಂಡಿಗೆ ಬನ್ನಿ. ಆಗ ಹೇಳಿದ ಆ ಒಪ್ಪಂದದಲ್ಲಿ ಕ್ಯಾಂಡಿ ಅಂದರೆ ಏನು ಅಂತ ಒಂದು ವ್ಯಾಖ್ಯೆ ಇದೆ: ಸಕ್ಕರೆಯಂಥ ಸಿಹಿಗೆ ಹಣ್ಣು, ಬೀಜ, ಇನ್ನೇನೋ ಸೇರಿಸಿ ತುಂಡು ಮಾಡಿದ್ದು, ಹಿಟ್ಟು ಇರಬಾರದು, ಫ್ರಿಜ್‌ನಲ್ಲಿ ಇಡುವ ಅಗತ್ಯ ಇರಬಾರದು. ಹಿಟ್ಟು ಧಾನ್ಯದ್ದೇ ಆಗಬೇಕಿಲ್ಲ. ಇದನ್ನು ಹಾಗೇ ಹಚ್ಚಿ ನೋಡಿದರೆ, ಕಡಲೆಹಿಟ್ಟಿನ ಮೈಸೂರು ಪಾಕ್ ಕ್ಯಾಂಡಿ ಅಲ್ಲ, ಕೊಬ್ಬರಿ ಮಿಠಾಯಿ ಕ್ಯಾಂಡಿ. ಆಹಾರಕ್ಕೆ ವಿನಾಯಿತಿ ಕೊಟ್ಟು ಕ್ಯಾಂಡಿಗೆ ತೆರಿಗೆ ಹಾಕುವ ರಾಜ್ಯಕ್ಕೆ ಒಂದೇ ಡಬ್ಬಿಯಲ್ಲಿ ಎರಡನ್ನೂ ಕಳಿಸಿದರೆ ಬಿಲ್ ಮಾಡುವುದು ಹೇಗೆ ಅಂತ ಯೋಚಿಸಿ. ದೀಪಾವಳಿ ಹೊತ್ತಿಗೆ ಇಂಥ ಡಬ್ಬಿಗಳನ್ನೇ ಅಲ್ವಾ ಎಲ್ಲರೂ ಮಾರುವುದು. ಮೇಲೆ ಸೌತ್ ಡಕೋಟಾ, ಟೆನೆಸ್ಸಿಯಂಥ ಕೆಲವು ರಾಜ್ಯಗಳಲ್ಲಿ ದಿನಸಿಗೂ ತೆರಿಗೆ ಇದೆ.

ಈಗ 200ರ ಲೆಕ್ಕ. ನನಗೆ ಇದು ಎಲ್ಲಕ್ಕಿಂತ ಅನ್ಯಾಯ ಅನ್ನಿಸುತ್ತದೆ. 12 ಡಾಲರಿನ ಕಿವಿಯೋಲೆ ಮಾರುವವರು ಒಂದು ರಾಜ್ಯಕ್ಕೆ 200 ಪಾರ್ಸೆಲ್ ಕಳಿಸಿದರೆ ಒಟ್ಟು ವ್ಯಾಪಾರ 2,400 ಡಾಲರ್. ತೆರಿಗೆ ಆರು ಪರ್ಸೆಂಟ್ ಅಂತ ಹಿಡಿದರೆ 144 ಡಾಲರ್. ಆ 144 ಡಾಲರಿಗಾಗಿ ನೋಂದಣಿ ಮಾಡಿಸಬೇಕು, ತಿಂಗಳಿಗೋ ಮೂರು ತಿಂಗಳಿಗೋ ರಿಟರ್ನ್ ಹಾಕಬೇಕು, ಏನೂ ಮಾರದ ತಿಂಗಳಿಗೂ ಸೊನ್ನೆ ರಿಟರ್ನ್ ಹಾಕಬೇಕು, ಹಾಕದಿದ್ದರೆ ದಂಡ. ಒಂದೇ ರಾಜ್ಯದ ರಿಟರ್ನ್‌ಗಳಿಗೆ ಲೆಕ್ಕಪತ್ರದವರು ಕೇಳುವ ಫೀಸು ಆ 144ನ್ನು ಸುಲಭವಾಗಿ ದಾಟುತ್ತದೆ. ಸಂತೋಷದ ವಿಷಯ, ರಾಜ್ಯಗಳಿಗೂ ಇದು ಅರ್ಥವಾಗುತ್ತಿದೆ. ಸೌತ್ ಡಕೋಟಾ ತಾನೇ 2023ರ ಜುಲೈನಲ್ಲಿ 200ರ ನಿಯಮ ಕೈಬಿಟ್ಟಿತು. ವಿಸ್ಕಾನ್ಸಿನ್, ಇಂಡಿಯಾನಾ, ನಾರ್ತ್ ಕ್ಯಾರೊಲಿನಾ, ವಯೋಮಿಂಗ್ ಕೂಡ ಬಿಟ್ಟಿವೆ. ಕ್ಯಾಲಿಫೋರ್ನಿಯಾ, ಟೆಕ್ಸಸ್‌ಗಳಲ್ಲಿ ಮಿತಿ 5 ಲಕ್ಷ ಡಾಲರ್, ಎಣಿಕೆಯ ನಿಯಮ ಇಲ್ಲ. ನ್ಯೂಯಾರ್ಕ್‌ನಲ್ಲಿ 5 ಲಕ್ಷ ಮತ್ತು 100 ಮಾರಾಟ ಎರಡೂ ದಾಟಬೇಕು. ಹೊರರಾಜ್ಯದ ಮಾರಾಟಗಾರರಿಗೆ ಇಂಥ ಮಿತಿಯ ಕಾನೂನು ಕೊನೆಯದಾಗಿ ತಂದದ್ದು ಮಿಸೌರಿ, 2023ರ ಜನವರಿಯಲ್ಲಿ. 1967ರಲ್ಲಿ ಕೇಸ್ ಗೆದ್ದ ಆ ಕ್ಯಾಟಲಾಗ್ ಕಂಪನಿಯ ರಾಜ್ಯವೇ ಅದು.

ನಿಮ್ಮಲ್ಲಿ ಬಹಳ ಜನ ಎಟ್ಸಿಯಲ್ಲೋ ಅಮೆಜಾನ್‌ನಲ್ಲೋ ಮಾರುತ್ತೀರಿ. ನಿಮಗೆ ಸಮಾಧಾನದ ಮಾತು ಇದೆ. ತೀರ್ಪು ಬಂದಮೇಲೆ ರಾಜ್ಯಗಳು ಮಾರ್ಕೆಟ್‌ಪ್ಲೇಸ್ ಕಾನೂನು ಅಂತ ಮಾಡಿದವು. ಅಂಥ ತಾಣದ ಮೂಲಕ ಮಾರಿದರೆ ತೆರಿಗೆ ಲೆಕ್ಕ ಹಾಕಿ ವಸೂಲಿ ಮಾಡಿ ಕಟ್ಟುವುದು ಆ ತಾಣದ ಹೊಣೆ. ಈ ಕಾನೂನು ಮಾರಾಟ ತೆರಿಗೆ ಇರುವ ಎಲ್ಲ ರಾಜ್ಯಗಳಲ್ಲೂ ಇದೆ. ಸಣ್ಣವರಿಗೆ ನಿಜವಾಗಿ ಉಸಿರಾಡಲು ಜಾಗ ಸಿಕ್ಕಿದ್ದು ಇದರಿಂದ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ, ಅದು ನನಗೆ ಬೇಸರ ತರಿಸುತ್ತದೆ. ಸ್ವಂತ ವೆಬ್‌ಸೈಟ್ ಇಟ್ಟುಕೊಂಡು ಸ್ವತಂತ್ರವಾಗಿ ಬೆಳೆಯೋಣ ಅನ್ನುವವರು ಈ ತೆರಿಗೆ ಕೆಲಸಕ್ಕೆ ಹೆದರಿ ದೊಡ್ಡ ತಾಣಗಳಿಗೇ ವಾಪಸ್ ಹೋಗುತ್ತಾರೆ, ಅಲ್ಲಿ ಕಮಿಷನ್ ಕೊಡುತ್ತಾರೆ. ಊರಿನ ಅಂಗಡಿಯನ್ನು ದೈತ್ಯರಿಂದ ಕಾಪಾಡಲು ಅಂತ ಬಂದ ನಿಯಮ ಸಣ್ಣವರನ್ನು ದೈತ್ಯರ ಬಾಗಿಲಿಗೇ ಕಳಿಸುತ್ತಿದೆ.

ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿ, ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ಜೆಲ್‌ನಲ್ಲಿ ದುಡ್ಡು ತೆಗೆದುಕೊಳ್ಳುವವರು ಗಮನಿಸಿ. ಒಂದು ಲಕ್ಷ, ಐದು ಲಕ್ಷದ ಮಿತಿ ಇರುವುದು ಹೊರರಾಜ್ಯಗಳಿಗೆ ಮಾತ್ರ. ನೀವು ಇರುವ ರಾಜ್ಯದಲ್ಲಿ, ವ್ಯಾಪಾರ ಅಂತ ಮಾಡುತ್ತಿದ್ದರೆ, ತೆರಿಗೆ ಬರುವ ವಸ್ತುವಿಗೆ ಮೊದಲ ಡಾಲರಿನಿಂದಲೇ ಹೊಣೆ ನಿಮ್ಮದು. ನ್ಯೂಜೆರ್ಸಿಯಲ್ಲಿ ಸೀರೆಗೆ ಇಲ್ಲ ಸರಿ, ಜೊತೆಗೆ ಮಾರುವ ಸರಕ್ಕೆ, ಬಳೆಗೆ ಇದೆ. ಇನ್ನೊಂದು, ‘ಅಕ್ಕ’, ‘ನಾವಿಕ’ ಅನ್ನುವ ಇಲ್ಲಿನ ಕನ್ನಡ ಸಂಘಟನೆಗಳ ಸಮ್ಮೇಳನಗಳಲ್ಲಿ ಮಳಿಗೆ ಹಾಕುತ್ತೀರಲ್ಲ, ಆ ಎರಡು ಮೂರು ದಿನ ನೀವು ಆ ರಾಜ್ಯದಲ್ಲಿ ನಿಂತು ಮಾರುತ್ತಿದ್ದೀರಿ. ಹೊರರಾಜ್ಯದ ಮಿತಿಯ ಮಾತು ಅಲ್ಲಿಗೆ ಬರುವುದಿಲ್ಲ. ಮಳಿಗೆ ಬುಕ್ ಮಾಡುವಾಗಲೇ ಆ ರಾಜ್ಯದ ತಾತ್ಕಾಲಿಕ ಪರವಾನಗಿ ಬಗ್ಗೆ ವಿಚಾರಿಸಿ. ಅಮೆಜಾನ್ ಗೋದಾಮಿನಲ್ಲಿ ಸರಕು ಇಟ್ಟಿದ್ದರೂ ಆ ಗೋದಾಮು ಇರುವ ರಾಜ್ಯದಲ್ಲಿ ನೀವು ಇದ್ದಂತೆಯೇ ಲೆಕ್ಕ ಹಿಡಿಯುವ ರಾಜ್ಯಗಳಿವೆ.

ವಸೂಲಿ ಮಾಡಿದ ತೆರಿಗೆ ನಿಮ್ಮ ದುಡ್ಡಲ್ಲ, ಸರ್ಕಾರದ ದುಡ್ಡು ನಿಮ್ಮ ಕೈಯಲ್ಲಿ ಇರುವುದು. ಅದನ್ನು ಬೇರೆ ಖಾತೆಯಲ್ಲಿ ಇಡಿ. ಕಂಪನಿ ಮಾಡಿಕೊಂಡಿದ್ದೇನೆ, ಕಂಪನಿ ಮುಚ್ಚಿದರೆ ಆಯಿತು ಅಂದುಕೊಳ್ಳಬೇಡಿ, ಈ ಒಂದು ಸಾಲಕ್ಕೆ ರಾಜ್ಯ ನಿಮ್ಮ ಸ್ವಂತ ಆಸ್ತಿಗೂ ಕೈ ಹಾಕಬಹುದು. ಹಿಂದಿನ ವರ್ಷಗಳಲ್ಲಿ ಮಿತಿ ದಾಟಿಯೂ ಕಟ್ಟದೇ ಇದ್ದರೆ ಗಾಬರಿ ಬೇಡ, ಬಚ್ಚಿಡುವುದೂ ಬೇಡ. ರಿಟರ್ನ್ ಹಾಕದೇ ಇದ್ದರೆ ರಾಜ್ಯಕ್ಕೆ ಎಷ್ಟು ಹಿಂದಕ್ಕೆ ಬೇಕಾದರೂ ಹೋಗುವ ದಾರಿ ತೆರೆದೇ ಇರುತ್ತದೆ. ಸ್ವಯಂಪ್ರೇರಿತ ಘೋಷಣೆಯ ಒಪ್ಪಂದ ಅಂತ ಒಂದು ದಾರಿ ಬಹುತೇಕ ರಾಜ್ಯಗಳಲ್ಲಿ ಇದೆ. ನೀವಾಗಿಯೇ ಮುಂದೆ ಬಂದರೆ ಕೆಲವೇ ವರ್ಷಗಳ ಬಾಕಿ ಕೇಳುತ್ತಾರೆ, ದಂಡ ಬಿಡುತ್ತಾರೆ. ಆದರೆ ಮೊದಲು ನೋಂದಣಿ ಮಾಡಿಸಿ ಆಮೇಲೆ ಇದನ್ನು ಕೇಳಿದರೆ ಎಷ್ಟೋ ಕಡೆ ಸಿಗುವುದಿಲ್ಲ. ಈ ಕ್ರಮ ತಪ್ಪಿಸಬೇಡಿ.

ಇಲ್ಲಿ ಒಬ್ಬರು ಕೇಳಿದರು, ಚನ್ನಪಟ್ಟಣದ ಗೊಂಬೆಗಳನ್ನು ಅಲ್ಲಿಂದಲೇ ನೇರ ಅಮೆರಿಕಕ್ಕೆ ಮಾರುವ ತಮ್ಮ ತಂಗಿಗೆ ಇದು ಅನ್ವಯಿಸುತ್ತದಾ ಅಂತ. ಅನ್ವಯಿಸುತ್ತದೆ. ಹೊರರಾಜ್ಯ ಅಂದರೆ ಹೊರದೇಶವೂ ಸೇರಿತು. ಭಾರತ ಅಮೆರಿಕ ನಡುವಿನ ತೆರಿಗೆ ಒಪ್ಪಂದ ಆದಾಯ ತೆರಿಗೆಗೆ ಸಂಬಂಧಿಸಿದ್ದು, ರಾಜ್ಯಗಳ ಮಾರಾಟ ತೆರಿಗೆಯಿಂದ ಅದು ಕಾಪಾಡುವುದಿಲ್ಲ. ಅವರು ಮಾರ್ಕೆಟ್‌ಪ್ಲೇಸ್ ಮೂಲಕ ಮಾರುತ್ತಿದ್ದರೆ ವಸೂಲಿಯನ್ನು ಅದು ನೋಡಿಕೊಳ್ಳುತ್ತದೆ. ಸ್ವಂತ ವೆಬ್‌ಸೈಟ್ ಆದರೆ ರಾಜ್ಯವಾರು ಲೆಕ್ಕ ಇಡಲು ಈಗಲೇ ಹೇಳಿ.

ಭಾರತದಲ್ಲಿ ಇದನ್ನು ಹೇಗೆ ಮಾಡುತ್ತಾರೆ? ಜಿಎಸ್‌ಟಿ ಬಂದಮೇಲೆ ಹುಬ್ಬಳ್ಳಿಯಿಂದ ಕೊಲ್ಹಾಪುರಕ್ಕೆ ಸಾಮಾನು ಹೋದರೆ ಮಾರುವವರು ಐಜಿಎಸ್‌ಟಿ ಅಂತ ಒಂದೇ ಕಡೆ ಕಟ್ಟುತ್ತಾರೆ, ಮಹಾರಾಷ್ಟ್ರದ ಪಾಲು ಮಹಾರಾಷ್ಟ್ರಕ್ಕೆ ಕೇಂದ್ರವೇ ತಲುಪಿಸುತ್ತದೆ. ಹುಬ್ಬಳ್ಳಿಯವರು ಮುಂಬೈ ಕಚೇರಿಯ ಜೊತೆ ವ್ಯವಹರಿಸಬೇಕಿಲ್ಲ. ಅಲ್ಲೂ ಕೊರತೆ ಇದೆ: ಕರಕುಶಲ ವಸ್ತುಗಳಂಥ ಕೆಲವನ್ನು ಬಿಟ್ಟರೆ, ಹೊರರಾಜ್ಯಕ್ಕೆ ಸರಕು ಮಾರಬೇಕಾದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಕಡ್ಡಾಯ. ಯೂರೋಪ್ ಒಕ್ಕೂಟ 2021ರ ಜುಲೈನಿಂದ 27 ದೇಶಗಳಿಗೆ ಒಂದೇ ರಿಟರ್ನ್ ಹಾಕುವ ವ್ಯವಸ್ಥೆ ತಂದಿದೆ. ಬೇರೆ ಬೇರೆ ಭಾಷೆ, ಬೇರೆ ಬೇರೆ ದೇಶ, ಆದರೂ ಆಯಿತು.

ಅಮೆರಿಕದಲ್ಲೂ ಆಗಬೇಕಾದ್ದು ಇದೇ. ದೇಶಕ್ಕೆಲ್ಲ ಒಂದೇ ಮಿತಿ, ಅದೂ ಡಾಲರಿನಲ್ಲಿ, ಪಾರ್ಸೆಲ್ ಎಣಿಕೆಯಲ್ಲಿ ಬೇಡ. ಎಲ್ಲ ರಾಜ್ಯಕ್ಕೂ ಒಂದೇ ಕಡೆ ನೋಂದಣಿ, ಒಂದೇ ರಿಟರ್ನ್. ರಾಜ್ಯ ಒಪ್ಪಿದ ಸಾಫ್ಟ್‌ವೇರ್ ಬಳಸಿ ತಪ್ಪಾದರೆ ಮಾರಾಟಗಾರರಿಗೆ ದಂಡ ಇಲ್ಲ. ಕಾಂಗ್ರೆಸ್ಸಿನ ಸ್ವಂತ ಲೆಕ್ಕ ತಪಾಸಣಾ ಸಂಸ್ಥೆಯೇ 2022ರ ವರದಿಯಲ್ಲಿ, ಇದಕ್ಕೆ ರಾಷ್ಟ್ರಮಟ್ಟದ ಚೌಕಟ್ಟು ಮಾಡುವುದನ್ನು ಯೋಚಿಸಿ ಅಂತ ಕಾಂಗ್ರೆಸ್ಸಿಗೆ ಹೇಳಿತು. ಅಧಿಕಾರ ಇದೆ ಅಂತ ಕೋರ್ಟು 1992ರಲ್ಲೂ ಹೇಳಿತು, 2018ರಲ್ಲೂ ಹೇಳಿತು. ಇಲ್ಲಿ ಮತದಾರರಾಗಿರುವವರು ನಿಮ್ಮ ಜಿಲ್ಲೆಯ ಪ್ರತಿನಿಧಿಗೆ ಬರೆಯಿರಿ. ಬರೆಯುವಾಗ ಸುಮ್ನೆ ಕಷ್ಟ ಆಗುತ್ತಿದೆ ಅಂತ ಬರೆಯಬೇಡಿ, ನಿಮ್ಮ ವ್ಯಾಪಾರದ ಲೆಕ್ಕ ಬರೆಯಿರಿ: ಕಳೆದ ವರ್ಷ ಎಷ್ಟು ರಾಜ್ಯಗಳಿಗೆ ಎಷ್ಟು ರಿಟರ್ನ್ ಹಾಕಿದಿರಿ, ಅದಕ್ಕೆ ಖರ್ಚಾದದ್ದು ಎಷ್ಟು, ಅದರಿಂದ ಆ ರಾಜ್ಯಗಳಿಗೆ ಸೇರಿದ ತೆರಿಗೆ ಎಷ್ಟು.